ಇಂಪಾಲಾದಲ್ಲಿ ಮಾಂಸ ಜಾಸ್ತಿ, ನಮ್ಮ ಬನ್ನೂರು ಟಗರಲ್ಲಿ ಯಾಕೆ ಕಮ್ಮಿ?

ಮಳವಳ್ಳಿ_ಹೈದ: ಹೋದ ಭಾನುವಾರ ಮನೆಯ ಟಗರು ಕಡಿಸಿದೆವು. ಸಂಜೆ ಮೇಯ್ದು ಬಂದಾಗ 30 ಕೆಜಿ ಇತ್ತು. ತಲೆ, ಕಾಲು, ಚರ್ಮ, ಬೋಟಿ ಎಲ್ಲ ತೆಗೆದ ಮೇಲೆ ಉಳಿದದ್ದು 14 ಕೆಜಿ, ಅರ್ಧಾನೂ ಇಲ್ಲ. ದಕ್ಷಿಣ ಆಫ್ರಿಕಾದ ಇಂಪಾಲಾ ಜಿಂಕೆಯಲ್ಲಿ ನೂರಕ್ಕೆ 56-58 ಪಾಲು ಸಿಗುತ್ತದಂತೆ. ಕಾಡುಪ್ರಾಣಿಯಲ್ಲಿ ಅಷ್ಟೊಂದಾ?

ಟಗರು_ಡಾಕ್ಟ್ರು: ಮೊದಲು, ಅದು ಜಿಂಕೆ ಅಲ್ಲ, ಹುಲ್ಲೆ. ಜಿಂಕೆಯ ಕೊಂಬು ಉದುರಿ ಮತ್ತೆ ಬರುತ್ತದೆ, ಹುಲ್ಲೆಯದು ಉದುರುವುದಿಲ್ಲ. ಲೆಕ್ಕ ಸರಿಯಾಗಿದೆ. ಅದರ ಚರ್ಮ ತೆಳು, ಉಣ್ಣೆ ಇಲ್ಲ, ಹಿಂಗಾಲಿನ ಮಾಂಸಖಂಡ ದಪ್ಪ. ನೀವು ಟಗರನ್ನು ಹೊಟ್ಟೆ ತುಂಬಿರುವಾಗ ತೂಗಿದ್ದೀರಿ, ಹುಲ್ಲು ನೀರಿನ ತೂಕವೂ ಸೇರಿಕೊಂಡಿದೆ. ರಾತ್ರಿ ಮೇವು ಕೊಡದೆ ನೀರು ಮಾತ್ರ ಇಟ್ಟು ಬೆಳಗ್ಗೆ ತೂಗಿದ್ದರೆ ಪಾಲು ಜಾಸ್ತಿ ಕಾಣುತ್ತಿತ್ತು. ಸಂತೆಯಲ್ಲಿ ಉಪ್ಪು ನೆಕ್ಕಿಸಿ ನೀರು ಕುಡಿಸಿ ಮಾರುವವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು, ಅಲ್ವಾ!

ಬಾಡೂಟ_ಪ್ರಿಯ: ತೂಕ ಬಿಡಿ ಸಾರ್, ಇಂಪಾಲಾದ ರುಚಿ ಹೇಗೆ?

ಟಗರು_ಡಾಕ್ಟ್ರು: ಕೊಬ್ಬು ತೀರಾ ಕಮ್ಮಿ, ಮಾಂಸದಲ್ಲಿ ನೂರಕ್ಕೆ 3ರ ಒಳಗೇ. ಸ್ವಲ್ಪ ಜಾಸ್ತಿ ಬೇಯಿಸಿದರೂ ಒಣಗಿ ನಾರಾಗುತ್ತದೆ. ಬನ್ನೂರು ಕುರಿಯ ಹೆಸರು ಇರುವುದೇ ಮಾಂಸದ ಒಳಗೆ ಹರಡಿಕೊಂಡ ಕೊಬ್ಬಿನಿಂದ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ದಕ್ಷಿಣ ಆಫ್ರಿಕಾದವರ ದೊಡ್ಡ ತಲೆನೋವು ಬೇರೆಯೇ. ಹುಲ್ಲೆ ಹೆದರಿ ಓಡಿದರೆ ಮಾಂಸದಲ್ಲಿರುವ ಸಕ್ಕರೆ ಅಂಶ, ಅಂದರೆ ಗ್ಲೈಕೋಜನ್, ಅಲ್ಲೇ ಖರ್ಚಾಗುತ್ತದೆ. ಸತ್ತ ಮೇಲೆ ಹುಳಿ ಹುಟ್ಟುವುದಕ್ಕೆ ಏನೂ ಉಳಿದಿರುವುದಿಲ್ಲ. ಸಾಮಾನ್ಯವಾಗಿ ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗೆ ಇಳಿಯಬೇಕು, ಅದು 6ರ ಮೇಲೇ ನಿಂತರೆ ಮಾಂಸ ಕಪ್ಪಗಾಗಿ ಬಿರುಸಾಗುತ್ತದೆ, ಬೇಗ ಕೆಡುತ್ತದೆ. ಅದಕ್ಕೇ ಅವರು ರಾತ್ರಿ ಲೈಟ್ ಬಿಟ್ಟು, ಪ್ರಾಣಿಗೆ ಗೊತ್ತಾಗುವ ಮೊದಲೇ ತಲೆಗೆ ಗುಂಡು ಹೊಡೆಯುತ್ತಾರೆ.

ಮಳವಳ್ಳಿ_ಹೈದ: ಅಯ್ಯೋ, ನಾವು ಟಗರನ್ನು ಅರ್ಧ ಗಂಟೆ ಹೊಲದ ತುಂಬ ಅಟ್ಟಾಡಿಸಿ ಹಿಡಿದಿದ್ದೆವು. ಮಾಂಸ ಕಪ್ಪಗಿತ್ತು. ಅಪ್ಪ ವಯಸ್ಸಾಗಿದೆ ಅಂದುಕೊಂಡರು.

ಕೆಆರ್‌ಎಸ್_ಗೌಡ: ಹಾಗಾದ್ರೆ ಕೃಷ್ಣಮೃಗ ಸಾಕೋಣ, ಅದೂ ಹುಲ್ಲೆನೇ ಅಲ್ವಾ?

ಟಗರು_ಡಾಕ್ಟ್ರು: ಸುಮ್ನಿರಿ ಗೌಡ್ರೇ, ಜೈಲಿಗೆ ಹೋಗ್ತೀರಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ದಕ್ಷಿಣ ಆಫ್ರಿಕಾದಲ್ಲಿ ಖಾಸಗಿ ಫಾರಂನವರು ಬೇಲಿ ಹಾಕಿ ಹುಲ್ಲೆ ಸಾಕಿ ಮಾರಬಹುದು, ಇಲ್ಲಿ ಆ ಮಾತೇ ಇಲ್ಲ. ಹೈದ, ಮುಂದಿನ ಸಲ ಟಗರನ್ನು ಹಿಂದಿನ ದಿನವೇ ನೆರಳಲ್ಲಿ ಕಟ್ಟಿ, ಜೊತೆಗೆ ಇನ್ನೊಂದು ಕುರಿ ಇರಲಿ, ಒಂಟಿ ಬಿಟ್ಟರೂ ಗಾಬರಿಯಾಗುತ್ತದೆ.