ಸಹಾಯ ಬೇಕು: ಬಾಲ್ಮೋರಲ್ ಟೋಪಿಯ ರಿಬ್ಬನ್ ಗಂಟು ನಿಲ್ಲುತ್ತಿಲ್ಲ

ಸ್ಕಾಟ್ಲೆಂಡಿನ ಉಣ್ಣೆಯ ಬಾಲ್ಮೋರಲ್ ಟೋಪಿ ಇದು. ಹಿಂಬದಿಯ 2 ಕಪ್ಪು ರಿಬ್ಬನ್‌ಗಳು ಬರೀ ಅಲಂಕಾರಕ್ಕೆ ಹೊಲಿದವಲ್ಲ. ಅಂಚುಪಟ್ಟಿಯೊಳಗಿಂದ ಸುತ್ತಿ ಬಂದಿವೆ, ಎಳೆದರೆ ಟೋಪಿ ತಲೆಗೆ ಬಿಗಿಯಾಗುತ್ತದೆ. ತೊಂದರೆ ಏನೆಂದರೆ, ರಿಬ್ಬನ್ ನುಣುಪಾದ ಸ್ಯಾಟಿನ್‌ನದು. ಬೋ ಕಟ್ಟಿದ ಸ್ವಲ್ಪ ಹೊತ್ತಿಗೇ ಜಾರಿ ಸಡಿಲವಾಗುತ್ತದೆ. ಜೋರಾಗಿ ಎಳೆದು ಕಟ್ಟಿದರೆ ಹಿಂದೆ ಪಟ್ಟಿ ನೆರಿಗೆ ಬಿದ್ದು, ಎಡಗಡೆಯ ಬ್ಯಾಡ್ಜ್ ಹಿಂದಕ್ಕೆ ಸರಿಯುತ್ತದೆ; ಬಲಕ್ಕೆ ಇಳಿಸಿಟ್ಟ ಟೋಪಿಯ ಅಂದವೇ ಹೋಗುತ್ತದೆ.

ಮೊದಲು ಅಳತೆ ಕೂರಿಸಿ ಚೌಕಗಂಟು ಹಾಕಿ, ಅದರ ಮೇಲೆ ಬೋ ಕಟ್ಟಿದರೆ ನಿಂತೀತೇ? ಅಥವಾ ಅಡ್ಡಗೆರೆಯ ಗ್ರೋಗ್ರೇನ್ ರಿಬ್ಬನ್ ಪೋಣಿಸುವುದೇ ಸರಿಯೇ? ಹಳೆಯದನ್ನು ಪೂರ್ತಿ ಎಳೆಯದೆ ಹೊಸದರ ತುದಿಯನ್ನು ಅದಕ್ಕೇ ಹೊಲಿದು ಎಳೆಯುವ ಯೋಚನೆಯಿದೆ. ಗ್ಲೆನ್‌ಗ್ಯಾರಿ ಎಂಬ ಇನ್ನೊಂದು ಸ್ಕಾಟಿಷ್ ಟೋಪಿಯಂತೆ ರಿಬ್ಬನ್ ಇಳಿಬಿಡುವುದು ಬೇಡ, ಬೋ ಬೇಕೇ ಬೇಕು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.