ತಾಂಜಾನಿಯಾಕ್ಕೆ ಹೊರಟಿದ್ದೇನೆ, ಅಲ್ಲಿ ಹೊಂದಿಕೊಳ್ಳೋದು ಹೇಗೆ?

ಡೊಂಬಿವಲಿಯಲ್ಲೇ ಬೆಳೆದವಳು ನಾನು. ಮುಂದಿನ ತಿಂಗಳು ತಾಂಜಾನಿಯಾದ ಹಳ್ಳಿ ಶಾಲೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ. ಊಟದ ಚಿಂತೆಯಿಲ್ಲ, ಗೊತ್ತಿಲ್ಲದೆ ಯಾರ ಮನಸ್ಸನ್ನಾದರೂ ನೋಯಿಸಿಬಿಟ್ಟರೆ ಅನ್ನೋದೇ ಭಯ. ಹೋಗಿ ಬಂದವರು ಹೇಳುತ್ತೀರಾ?

ಉತ್ತರ, ಪುಣೆಯಿಂದ:
ಹಿರಿಯರು ಎದುರಾದರೆ ಮೊದಲು 'ಶಿಕಾಮೂ' ಅನ್ನಿ, ಅವರು 'ಮರಹಬಾ' ಅನ್ನುತ್ತಾರೆ. ಆಮೇಲೆ ಮನೆಯವರ ಕ್ಷೇಮ ವಿಚಾರಿಸಬೇಕು, ಕೆಲಸದ ಮಾತು ಕೊನೆಗೆ. ನಾನು ಮೊದಲ ದಿನ ಅವಸರದಲ್ಲಿ ಸೀದಾ ನೀರು ಎಲ್ಲಿದೆ ಅಂತ ಕೇಳಿದೆ, ಅಡುಗೆಯ ಅಜ್ಜಿ ಮಾತಾಡದೆ ಉಗಾಲಿ ತಿರುವುತ್ತಲೇ ಇದ್ದರು. ಮರುದಿನ ಶಿಕಾಮೂ ಅಂದೆ, ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದರು. ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆ, ಕೈಯಲ್ಲೇ ತಿನ್ನೋದು. ಏನು ಕೊಟ್ಟರೂ ಬಲಗೈಯಲ್ಲಿ, ನಮ್ಮಲ್ಲೂ ಹಾಗೇ ಅಲ್ವಾ?

ಇನ್ನೊಂದು ಉತ್ತರ:
ಸಮಯ ಮಾತ್ರ ಎರಡು ಸಲ ಕೇಳಿ. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಬೆಳಿಗ್ಗೆ 6ರಿಂದ, ಹಾಗಾಗಿ ಬೆಳಿಗ್ಗೆ 7 ಅಂದರೆ 'ಸಾ ಮೋಜಾ', 1 ಗಂಟೆ.

ಪ್ರಶ್ನೆ ಕೇಳಿದವಳು:
ಅಕ್ಕಾ, ಶಿಕಾಮೂ ಇವತ್ತೇ ಬರೆದಿಟ್ಟುಕೊಂಡೆ.