ತೋಟದಲ್ಲಿ ಹಾವು ಕಚ್ಚಿದ ಒಂದೇ ಒಂದು ಪ್ರಕರಣ: ಬರೆದು ಪ್ರಕಟಿಸುವುದು ಸರಿಯೇ, ಹೇಗೆ?

ಪ್ರಶ್ನೆ: ಶಿರಸಿಯ ವೈದ್ಯೆ

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಶಿರಸಿ ಸೀಮೆಯ ಚಿಕ್ಕ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ತೋಟಕ್ಕೆ ಇಳಿದಿದ್ದ ನಡುವಯಸ್ಸಿನ ಕೆಲಸಗಾರರೊಬ್ಬರನ್ನು, ಪಾದಕ್ಕೆ ಹಾವು ಕಚ್ಚಿದೆಯೆಂದು ಕರೆತಂದರು. ಕಾಲು ಮೊಣಕಾಲಿನವರೆಗೆ ಬಾತಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು. 2 ಮಿಲಿಲೀಟರ್ ರಕ್ತವನ್ನು ಒಣ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿದಾಗ ಅದು ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ಮನೆಯವರು ಹಾವನ್ನು ಹೊಡೆದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ತಂದಿದ್ದರು. ಅವರ ಪ್ರಕಾರ ಅದು ಕೊಳಕುಮಂಡಲದ ಮರಿ, ನಮ್ಮ ಸಿಬ್ಬಂದಿಯ ಪ್ರಕಾರ ಗರಗಸ ಮಂಡಲ. 10 ವಯಲ್ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೊಟ್ಟೆವು. ಆರು ಗಂಟೆಯ ನಂತರವೂ ರಕ್ತ ಹೆಪ್ಪುಗಟ್ಟದ ಕಾರಣ ಮತ್ತೆ 10 ಕೊಟ್ಟೆವು. ಮೂತ್ರ ಕಡಿಮೆಯಾಗಿ, ಮೂತ್ರಪಿಂಡದ ತೊಂದರೆಯನ್ನು ಸೂಚಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತು, ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ನಾಲ್ಕನೆಯ ದಿನ ರಕ್ತ ಹೆಪ್ಪುಗಟ್ಟತೊಡಗಿತು, ಡಯಾಲಿಸಿಸ್ ಇಲ್ಲದೆಯೇ ಅವರು ಗುಣವಾಗಿ ಮನೆಗೆ ಹೋದರು.

ನಾನು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಹಾವಿನ ಚಿತ್ರವನ್ನು ಆಮೇಲೆ ಸಾವಧಾನವಾಗಿ ನೋಡಿದಾಗ ಮೂತಿಯ ತುದಿ ಮೇಲಕ್ಕೆ ಎದ್ದಿರುವುದೂ, ಕಣ್ಣಿಗೂ ಮೂಗಿಗೂ ನಡುವೆ ಒಂದು ಗುಳಿ ಇರುವುದೂ ಕಂಡಿತು. ಅದು ಗರಗಸ ಮಂಡಲವಲ್ಲ, ಗೂನು ಮೂಗಿನ ಗುಳಿಮಂಡಲ ಇರಬೇಕೆಂದು ನನ್ನ ಊಹೆ. ಹಾಗಿದ್ದರೆ ನಾವು ಕೊಟ್ಟ 20 ವಯಲ್ ಆ ವಿಷಕ್ಕೆ ತಯಾರಾದದ್ದೇ ಅಲ್ಲ.

ಇದನ್ನು ಬರೆಯಬೇಕೆಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, ಅದೆಲ್ಲ ಮೆಡಿಕಲ್ ಕಾಲೇಜಿನವರ ಕೆಲಸ, ನಮಗೆ ಓಪಿಡಿ ಮುಗಿಸುವುದೇ ಸಾಕಾಗಿದೆ ಎಂದು ನಕ್ಕರು. ಇನ್ನೊಂದು ತೊಡಕೂ ಇದೆ. ರೋಗಿ ನಮ್ಮಲ್ಲಿಗೆ ಬರುವ ಮೊದಲು ಊರಿನ ನಾಟಿ ವೈದ್ಯರ ಬಳಿ ಹೋಗಿದ್ದರು, ಅಲ್ಲಿ ಕಾಲಿಗೆ ಹಗ್ಗ ಬಿಗಿದು, ಗಾಯವನ್ನು ಬ್ಲೇಡಿನಿಂದ ಕೊಯ್ದಿದ್ದರು. ಆ ನಾಟಿ ವೈದ್ಯರು ಅವರಿಗೆ ಹತ್ತಿರದ ನೆಂಟರಾದ್ದರಿಂದ ಆ ವಿಷಯ ಬರೆಯಬಾರದೆಂಬುದು ಅವರ ಇಚ್ಛೆ. ಇಂಥ ಪ್ರಕರಣ ಬರೆಯಲು ಯೋಗ್ಯವೇ? ಬರೆಯುವುದಾದರೆ ಎಲ್ಲಿಂದ ಆರಂಭಿಸಬೇಕು? 72 ಗಂಟೆಗಳಲ್ಲಿ ಪ್ರಕಟಿಸುತ್ತೇವೆಂದು ಪತ್ರಿಕೆಯೊಂದರಿಂದ ಇಮೇಲ್ ಕೂಡ ಬಂದಿದೆ.

ಉತ್ತರ 1: ಕುಮಟಾದ ನಿವೃತ್ತ ವೈದ್ಯ

ನಿಮ್ಮ ಸಹೋದ್ಯೋಗಿಯ ಮಾತನ್ನು ನಾನು ನಲವತ್ತು ವರ್ಷ ಕೇಳಿದ್ದೇನೆ. ನಾಚಿಕೆಯಿಂದ ಹೇಳುತ್ತೇನೆ, ಆಡಿಯೂ ಇದ್ದೇನೆ. ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡು ದೋಣಿಯಿಂದ ನೇರ ನನ್ನ ಬಳಿಗೆ ಬಂದವರು ಎಷ್ಟೋ ಮಂದಿ. ಅವರಲ್ಲಿ ಒಬ್ಬರ ವಿವರವೂ ಇಂದು ನನ್ನ ಬಳಿ ಬರಹದಲ್ಲಿ ಇಲ್ಲ. ನೆನಪಿನಲ್ಲಿ ಇರುವುದನ್ನು ಯಾರೂ ಉಲ್ಲೇಖಿಸಲಾರರು.

ಬರೆಯಲು ಯೋಗ್ಯವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಹಾವಿನಲ್ಲಿಯೇ ಇದೆ. ನಮ್ಮ ದೇಶದಲ್ಲಿ ಸಿಗುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ತಯಾರಾಗುತ್ತದೆ. ಗೂನು ಮೂಗಿನ ಗುಳಿಮಂಡಲದ ಕಡಿತದಿಂದ ಜೀವಕ್ಕೆ ಅಪಾಯವಾಗಬಹುದೆಂಬುದನ್ನು, ಹಾವನ್ನು ಸರಿಯಾಗಿ ಗುರುತಿಸಿ, ಭಾರತದ ಮಟ್ಟಿಗೆ ಮೊದಲು ದಾಖಲಿಸಿದ ಲೇಖನ 2007ರಲ್ಲಿ ಕೇರಳದಿಂದ ಬಂತು. ಅದರ ಹಿಂದಿದ್ದುದು ಕೆಲವೇ ರೋಗಿಗಳು ಮತ್ತು ಅವರು ತಂದ ಹಾವನ್ನು ಎಸೆಯದೆ ನೋಡಿದ ವೈದ್ಯರು. ಅಲ್ಲಿಯವರೆಗೆ ಆ ಹಾವನ್ನು ಗರಗಸ ಮಂಡಲವೆಂದು ತಪ್ಪಾಗಿ ತಿಳಿಯುವುದು ನಡೆದೇ ಇತ್ತು, ಈಗ ನಿಮ್ಮಲ್ಲಿಯೂ ನಡೆಯಿತು. ಕೇರಳದವರು ಬರೆದಾಗಿದೆಯಲ್ಲ ಎಂದು ಸುಮ್ಮನಾಗಬೇಡಿ. ಘಟ್ಟದ ಈ ತುದಿಯಲ್ಲಿಯೂ ಅದೇ ತಪ್ಪು ಆಗುತ್ತಿದೆ ಎಂಬುದು ತನ್ನಷ್ಟಕ್ಕೆ ತಿಳಿಯಬೇಕಾದ ಸಂಗತಿ.

ನಮ್ಮ ನೆರೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ಸಿದ್ದಾಪುರದ ಗಡಿಗೆ ಹೊಂದಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯುತ್ತಿದ್ದುದನ್ನೂ, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹರಡಿದ್ದುದನ್ನೂ ಜೊತೆಗಿಟ್ಟು ನೋಡಿದ್ದರಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿಗೆ ಬಂದರು. ಮೊದಲು ಹಳದಿ ಜ್ವರದ ಅನುಮಾನ ಬಂದಿತ್ತು, ಆಮೇಲೆ ಅದು ಹೊಸ ವೈರಸ್ ಎಂದು ತಿಳಿಯಿತು, ಅದೇ ಇಂದಿನ ಮಂಗನ ಕಾಯಿಲೆ. ಇಂದು ಸಿದ್ದಾಪುರದ ಯಾವ ವೈದ್ಯರೂ ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರ ಜ್ವರವನ್ನು ಹಗುರವಾಗಿ ನೋಡುವುದಿಲ್ಲ.

ಆದರೆ ಒಂದೇ ಪ್ರಕರಣಕ್ಕೆ ಎಷ್ಟು ಭಾರ ಹೊರಿಸಬಹುದು ಎಂಬುದನ್ನು ಮರೆಯಬಾರದು. 1961ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ಪ್ರಸೂತಿ ವೈದ್ಯರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಬರೆದದ್ದು ಕೆಲವೇ ಸಾಲುಗಳ ಪತ್ರ. ಬಸಿರಿನಲ್ಲಿ ವಾಕರಿಕೆಗೆ ಕೊಡುತ್ತಿದ್ದ ಥಾಲಿಡೊಮೈಡ್ ಔಷಧಿ ತೆಗೆದುಕೊಂಡ ತಾಯಂದಿರ ಶಿಶುಗಳಲ್ಲಿ ಅಂಗವೈಕಲ್ಯ ಕಾಣುತ್ತಿದೆ, ಓದುಗರಲ್ಲಿ ಬೇರೆ ಯಾರಾದರೂ ಇಂಥದನ್ನು ಕಂಡಿದ್ದೀರಾ ಎಂದು ಅವರು ಕೇಳಿದ್ದರು. ಕಂಡದ್ದನ್ನು ಹೇಳಿ ಪ್ರಶ್ನೆ ಕೇಳುವುದು, ಅಷ್ಟೇ ಅದರ ಬಲ. (ಅದೇ ವ್ಯಕ್ತಿ ಮುಂದೆ ಇನ್ನೊಂದು ಔಷಧಿಯ ವಿಷಯದಲ್ಲಿ ಅಂಕಿಅಂಶ ತಿದ್ದಿದ್ದು ಸಾಬೀತಾಗಿ 1993ರಲ್ಲಿ ವೈದ್ಯರ ಪಟ್ಟಿಯಿಂದ ಹೆಸರು ಕಳೆದುಕೊಂಡರು. ಅದನ್ನೂ ತಿಳಿದಿರಬೇಕು.) ನಿಮ್ಮ ರೋಗಿಯ ರಕ್ತ ನಾಲ್ಕನೆಯ ದಿನ ಹೆಪ್ಪುಗಟ್ಟಿತು ಎಂದು ಬರೆಯಿರಿ. ಅದು ಎಎಸ್‌ವಿಯಿಂದಲೇ ಆಯಿತೆಂದಾಗಲಿ, ಎಎಸ್‌ವಿ ನಿಷ್ಪ್ರಯೋಜಕವೆಂದಾಗಲಿ ಬರೆಯಬೇಡಿ, ಏಕೆಂದರೆ ವಿಷದ ಪ್ರಭಾವ ದಿನ ಕಳೆದಂತೆ ತಾನಾಗಿಯೂ ಇಳಿಯುತ್ತದೆ.

ಉತ್ತರ 2: ಕಾರವಾರದಲ್ಲಿ ಪಾಠ ಹೇಳುವವರು

ವೈದ್ಯೆಯವರೇ, ಏಕೆ ಎಂಬುದನ್ನು ಕುಮಟಾದ ಹಿರಿಯರು ಹೇಳಿದ್ದಾರೆ, ಹೇಗೆ ಎಂಬುದನ್ನು ನಾನು ಹೇಳುತ್ತೇನೆ. ಪ್ರಕರಣ ವರದಿಗಳಿಗೆಂದೇ 2013ರಲ್ಲಿ ‘ಕೇರ್’ ಎಂಬ ಮಾರ್ಗಸೂಚಿ ಬಂದಿದೆ, ಅದರಲ್ಲಿ 13 ಅಂಶಗಳ ತಾಳೆಪಟ್ಟಿ ಇದೆ. ಮೊದಲು ಕೇಸ್ ಶೀಟ್ ಎದುರಿಗಿಟ್ಟುಕೊಂಡು ಕಾಲಾನುಕ್ರಮ ಬರೆಯಿರಿ: ಕಚ್ಚಿದ್ದು ಯಾವಾಗ, ನಿಮ್ಮ ಬಾಗಿಲಿಗೆ ಬಂದದ್ದು ಯಾವಾಗ, ಪ್ರತಿ ಬಾರಿಯ ರಕ್ತಪರೀಕ್ಷೆಯ ಹೊತ್ತು ಯಾವುದು. ಪರೀಕ್ಷೆಗೆ ಬಳಸಿದ್ದು ಗಾಜಿನ ನಳಿಗೆಯೆಂದು ತಪ್ಪದೆ ಬರೆಯಿರಿ. ಪ್ಲಾಸ್ಟಿಕ್ ನಳಿಗೆಯಲ್ಲಾಗಲಿ, ಮಾರ್ಜಕದಿಂದ ತೊಳೆದ ನಳಿಗೆಯಲ್ಲಾಗಲಿ ಸರಿಯಾದ ರಕ್ತವೂ ಹೆಪ್ಪುಗಟ್ಟದಿರಬಹುದು. ಪತ್ರಿಕೆಯ ಪರವಾಗಿ ಲೇಖನವನ್ನು ಪರಿಶೀಲಿಸುವ ವಿಮರ್ಶಕರು ಮೊದಲು ಕೇಳುವುದೇ ಇದನ್ನು. ಪೀಠಿಕೆಯನ್ನೂ ಚರ್ಚೆಯನ್ನೂ ಕೊನೆಗೆ ಬರೆದರೆ ಸಾಕು. ಉಲ್ಲೇಖಿಸುವ ಲೇಖನಗಳನ್ನು ಸಾರಾಂಶ ನೋಡಿ ಬಿಡದೆ ಪೂರ್ತಿ ಓದಿ.

ನಿಮ್ಮ ಪ್ರಕರಣದಲ್ಲಿ ನಿಜವಾಗಿ ಕಷ್ಟವಾದದ್ದು ಸಮ್ಮತಿ. ದಾಖಲಾಗುವಾಗ ಸಹಿ ಹಾಕಿಸಿಕೊಂಡ ಚಿಕಿತ್ಸೆಯ ಸಮ್ಮತಿಪತ್ರ ಇದಕ್ಕೆ ಸಲ್ಲುವುದಿಲ್ಲ. ಪ್ರಕಟಣೆಗೆಂದೇ ಬೇರೆ ಪತ್ರ ಬೇಕು, ಅದು ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಇರಬೇಕು, ಒಮ್ಮೆ ಪ್ರಕಟವಾದ ಮೇಲೆ ಅಂತರ್ಜಾಲದಿಂದ ಹಿಂದಕ್ಕೆ ತರಲು ಆಗುವುದಿಲ್ಲವೆಂದು ಬಾಯಿ ಬಿಟ್ಟು ಹೇಳಬೇಕು. ಹೆಸರು ತೆಗೆದರೆ ಗುರುತು ಹೋಯಿತು ಎಂದು ನಂಬಬೇಡಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದೆಂದು ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ ‘ನಡುವಯಸ್ಸಿನ ಕೂಲಿಕಾರ’ ಎಂದರೆ ಸಾವಿರ ಜನ. ನಮ್ಮಲ್ಲಿ ತಾಲ್ಲೂಕು, ತಿಂಗಳು, ಔಷಧಿ ಹೊಡೆಯುವವ, ಹಾವು ಕಚ್ಚಿ ಬದುಕಿದವ ಎಂದರೆ ಕೇರಿಯ ಮಕ್ಕಳೂ ಮನೆ ತೋರಿಸುತ್ತಾರೆ. ಹಳ್ಳಿಯ ಹೆಸರು ಬೇಡ, ತಾರೀಖಿನ ಬದಲು ‘ಮೊದಲ ದಿನ, ನಾಲ್ಕನೆಯ ದಿನ’ ಎಂದು ಬರೆಯಿರಿ, ‘ಮಳೆಗಾಲದಲ್ಲಿ’ ಎಂದರೆ ಸಾಕು. ಅಡಿಕೆ ತೋಟ ಮಾತ್ರ ಇರಲಿ, ಹಾವಿನ ನೆಲೆ ತಿಳಿಯಲು ಅದು ಬೇಕು.

ನಾಟಿ ವೈದ್ಯರ ವಿಷಯವನ್ನು ಬಿಟ್ಟು ಬರೆಯಬಹುದೇ ಎಂದರೆ, ಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಗ್ಗ ಬಿಗಿದದ್ದರಿಂದಲೂ ಕೊಯ್ದದ್ದರಿಂದಲೂ ಬಾವು, ರಕ್ತಸ್ರಾವ ಹೆಚ್ಚಾಗುತ್ತವೆ. ಅದನ್ನು ಮುಚ್ಚಿಟ್ಟರೆ ಆ ಬಾವೆಲ್ಲ ಹಾವಿನ ಲೆಕ್ಕಕ್ಕೆ ಹೋಗುತ್ತದೆ, ವರದಿ ಸುಳ್ಳಾಗುತ್ತದೆ. ಹಾಗೆಂದು ಯಾರು ಮಾಡಿದರು ಎಂಬುದು ಓದುಗರಿಗೆ ಬೇಕಿಲ್ಲ. ‘ಆಸ್ಪತ್ರೆಗೆ ಬರುವ ಮೊದಲು ಹಗ್ಗ ಬಿಗಿಯಲಾಗಿತ್ತು, ಗಾಯವನ್ನು ಕೊಯ್ಯಲಾಗಿತ್ತು’ ಎಂದು ಬರೆದು, ಆ ಸಾಲನ್ನೇ ಅವರಿಗೆ ಓದಿ ಹೇಳಿ. ಅದಕ್ಕೂ ಒಪ್ಪದಿದ್ದರೆ ಲೇಖನವನ್ನು ಕೈಬಿಡಿ.

ನಿಮ್ಮ ಆಸ್ಪತ್ರೆಯಲ್ಲಿ ನೈತಿಕ ಸಮಿತಿ ಇಲ್ಲದಿದ್ದರೆ, ಒಂದೇ ಪ್ರಕರಣಕ್ಕೆ ಅದರ ಅನುಮತಿ ಬೇಕೇ ಎಂಬುದನ್ನು ಪತ್ರಿಕೆಯ ಸೂಚನೆಗಳಲ್ಲಿ ನೋಡಿ, ಅದು ಪತ್ರಿಕೆಯಿಂದ ಪತ್ರಿಕೆಗೆ ಬೇರೆಯಾಗುತ್ತದೆ. ಲೇಖಕರ ಪಟ್ಟಿಯಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಬರವಣಿಗೆಯಲ್ಲಿಯೂ ಪಾಲ್ಗೊಳ್ಳುವವರು ಇರಲಿ. ಗೌರವಕ್ಕೆಂದು ಯಾರ ಹೆಸರನ್ನೂ ಸೇರಿಸಬೇಡಿ, ನಿಮ್ಮ ಮುಖ್ಯಸ್ಥರದೂ ಸೇರಿದಂತೆ.

ಉತ್ತರ 3: ಅಂಕೋಲೆಯ ಶಸ್ತ್ರವೈದ್ಯ

ಆ 72 ಗಂಟೆಯ ಇಮೇಲಿಗೆ ದಯವಿಟ್ಟು ಉತ್ತರಿಸಬೇಡಿ. ನಾನು ಅಂಥದೊಂದಕ್ಕೆ ಹಣ ಕಟ್ಟಿ, ಎರಡೇ ದಿನದಲ್ಲಿ ‘ಅತ್ಯುತ್ತಮ’ ಎಂಬ ಒಂದು ಪದದ ವಿಮರ್ಶೆ ಪಡೆದು, ಕಾಗುಣಿತದ ತಪ್ಪುಗಳೂ ತಿದ್ದದಂತೆ ಪ್ರಕಟವಾದ ನನ್ನ ಲೇಖನವನ್ನು ನೋಡಿ ತಲೆ ತಗ್ಗಿಸಿದವನು. ಲೇಖನವನ್ನು ಹಿಂದಕ್ಕೆ ಕೊಡಿ ಎಂದು ಬರೆದರೆ ಅದಕ್ಕೂ ಹಣ ಕೇಳಿದರು. ಒಮ್ಮೆ ಪ್ರಕಟವಾದದ್ದನ್ನು ಬೇರೆ ಒಳ್ಳೆಯ ಪತ್ರಿಕೆ ತೆಗೆದುಕೊಳ್ಳದ ಕಾರಣ ಆ ಪ್ರಕರಣವೇ ಹಾಳಾಯಿತು. ಪತ್ರಿಕೆಗಳನ್ನು ಗುರುತಿಸಲು ಕೊಡುವ ಐಎಸ್‌ಎಸ್‌ಎನ್ ಸಂಖ್ಯೆ ಇದೆಯೆಂದು ಮೋಸಹೋಗಬೇಡಿ, ಅದು ಗುಣಮಟ್ಟದ ಮುದ್ರೆಯಲ್ಲ. ಪತ್ರಿಕೆ ಮೆಡ್‌ಲೈನ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯಲ್ಲಿ ಈಗಲೂ ಸೇರಿದೆಯೇ ಎಂದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಸೂಚಿಯಲ್ಲಿ ನೀವೇ ಹುಡುಕಿ, ಪತ್ರಿಕೆಯ ಜಾಲತಾಣದ ಮಾತನ್ನು ನಂಬಬೇಡಿ. ಪೂರ್ಣ ವರದಿ ತಿರಸ್ಕೃತವಾದರೆ ಸಂಪಾದಕರಿಗೆ ಪತ್ರದ ರೂಪದಲ್ಲಿ ಕಳುಹಿಸಿ. ಅದೂ ಸೂಚಿಯಲ್ಲಿ ಸೇರುತ್ತದೆ, ಹುಡುಕಿದವರಿಗೆ ಸಿಗುತ್ತದೆ.

ಮರು ಉತ್ತರ: ಶಿರಸಿಯ ವೈದ್ಯೆ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ಕರಡನ್ನು ಕನ್ನಡದಲ್ಲಿ ಬರೆದುಕೊಂಡು ರೋಗಿಯ ಮನೆಗೆ ಹೋಗಿ, ಜಗುಲಿಯ ಮೇಲೆ ಕುಳಿತು ಪೂರ್ತಿ ಓದಿದೆ. ಸಮ್ಮತಿಗೆಂದು ಹೋದವಳಿಗೆ ಅಲ್ಲಿ ನನ್ನ ಕೇಸ್ ಶೀಟಿನ ತಪ್ಪುಗಳು ತಿಳಿದವು. ಹಾವು ಕಚ್ಚಿದ್ದು ನಾನು ಬರೆದುಕೊಂಡಂತೆ ಒಂಬತ್ತು ಗಂಟೆಗಲ್ಲ, ಬೆಳಗಿನ ಆಸರಿಗೆ ಮೊದಲು, ಸುಮಾರು ಏಳಕ್ಕೆ. ಆಸ್ಪತ್ರೆಗೆ ಬರಲು ಆದ ವಿಳಂಬ ಐದು ಗಂಟೆಯಲ್ಲ, ಏಳು. ಬ್ಲೇಡಿನಿಂದ ಕೊಯ್ದವರು ನಾಟಿ ವೈದ್ಯರಲ್ಲ, ರೋಗಿಯ ಸ್ವಂತ ತಮ್ಮ. ನಾಟಿ ವೈದ್ಯರು ಹಗ್ಗ ಬಿಗಿದು, ಕುಡಿಯಲು ಮದ್ದು ಕೊಟ್ಟಿದ್ದರು. ಆ ಮದ್ದಿನ ವಿಷಯವನ್ನು ನಮಗೆ ಯಾರೂ ಹೇಳಿರಲಿಲ್ಲ, ಮೂತ್ರಪಿಂಡದ ತೊಂದರೆಯನ್ನು ಚರ್ಚಿಸುವಾಗ ಅದನ್ನು ಬಿಡುವಂತಿಲ್ಲ. ‘ಊರಿನ ಹೆಸರು ಮಾತ್ರ ಬ್ಯಾಡ ಡಾಕ್ಟ್ರೇ, ಉಳಿದದ್ದು ಆದ ಹಾಂಗೇ ಬರೀರಿ’ ಎಂದು ಅವರು ಸಹಿ ಹಾಕಿದರು.

ಹಾವಿನ ಚಿತ್ರವನ್ನು ಉರಗತಜ್ಞರಿಬ್ಬರಿಗೆ ಕಳುಹಿಸಿದ್ದೆ. ಒಬ್ಬರು ಗುಳಿಮಂಡಲವೆಂದು ಒಪ್ಪಿದರು. ಇನ್ನೊಬ್ಬರು ತಲೆಯನ್ನು ಮೇಲಿನಿಂದ ತೆಗೆದ ಸ್ಪಷ್ಟ ಚಿತ್ರ ಬೇಕೆಂದರು. ಅಂಥದು ನನ್ನಲ್ಲಿ ಇಲ್ಲ, ಹಾವನ್ನು ಅಂದೇ ಗೊಬ್ಬರಗುಂಡಿಗೆ ಎಸೆದಿದ್ದರು. ಆದ್ದರಿಂದ ಶೀರ್ಷಿಕೆಯಲ್ಲಿದ್ದ ‘ಖಚಿತಪಡಿಸಿದ’ ಎಂಬ ಪದವನ್ನು ತೆಗೆದು ‘ಸಂಭಾವ್ಯ’ ಎಂದು ಬರೆದಿದ್ದೇನೆ. ಪೂರ್ಣ ವರದಿಯ ಬದಲು ಸಂಪಾದಕರಿಗೆ ಪತ್ರವಾಗಿ ಕಳುಹಿಸುತ್ತಿದ್ದೇನೆ. ಹಾವಿನ ತಲೆಯನ್ನು ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆಯಬೇಕೆಂಬ ಚೀಟಿಯೊಂದನ್ನು ನಮ್ಮ ತುರ್ತು ಚಿಕಿತ್ಸಾ ಕೋಣೆಯ ಗೋಡೆಗೆ, ಎಎಸ್‌ವಿ ಇಡುವ ಫ್ರಿಜ್ಜಿನ ಪಕ್ಕದಲ್ಲಿ ಅಂಟಿಸಿದ್ದೇನೆ.